ನೀರಿಗಿಳಿದ ಚೀಟಿ

ಹೋದ ವಾರ ಮೊಮ್ಮಗಳ ಶಾಲೆಯ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಜೇಬು ನೋಡಬೇಕಿತ್ತು, ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ತೆಳು ನೀಲಿಯಾಯಿತು. ಕೈಹಾಕಿ ಜಾಲಾಡಿದಾಗ ಮೆತ್ತಗಾದ ಕಾಗದವೊಂದು ಬೆರಳಿಗೆ ಸಿಕ್ಕಿತು. ನನ್ನ ಮೊಣಕಾಲಿನ ನೋವಿಗೆ ಡಾಕ್ಟರು ಬರೆದುಕೊಟ್ಟ ಚೀಟಿ ಅದು. ಈಗಿನ ಅಂಗಡಿಯವರೂ ಆ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡುವುದಿಲ್ಲವಂತೆ. ಶಾಲೆ ಬಿಟ್ಟ ಮೇಲೆ ತರುತ್ತೇನೆಂದು ಹುಡುಗಿ ಜೇಬಿನಲ್ಲಿಟ್ಟುಕೊಂಡು ಮರೆತಿದ್ದಳು. ಕಾಗದವನ್ನು ಮೂಗಿನ ಹತ್ತಿರ ಹಿಡಿದೆ. ಒದ್ದೆ ಕಾಗದ, ಕರಗಿದ ಶಾಯಿ... ಆ ವಾಸನೆಗೆ ಬಕೆಟ್ಟಿನ ಪಕ್ಕದಲ್ಲೇ ಕುಳಿತುಬಿಟ್ಟೆ.

ನಾನು ಮೊದಲಿನಿಂದಲೂ ಪುಕ್ಕಲಿ. ಹಲ್ಲಿ ಬಿದ್ದರೆ ಕೂಗುತ್ತೇನೆ, ಟಪಾಲಿನವನು ಬಾಗಿಲು ತಟ್ಟಿದರೆ ಮೊದಲು ಕಿಟಕಿಯಿಂದ ಇಣುಕಿ ನೋಡುತ್ತೇನೆ. ಮನೆಯವರು ನಗುತ್ತಾರೆ, ನಾನೂ ಜೊತೆಗೆ ನಗುತ್ತೇನೆ. ಆದರೆ ಈ ಒಂದು ವಾಸನೆಯ ಹೆದರಿಕೆ ಮಾತ್ರ ನಗುವಂಥದ್ದಲ್ಲ. ಅದರ ಹಿಂದೆ ಒಬ್ಬ ದೊಡ್ಡ ಮನುಷ್ಯರಿದ್ದಾರೆ. ಆಳಂದದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡು ಅವರ ಅಂಗಡಿ ಇತ್ತು. ಊರಿಗೆಲ್ಲ ಅವರು ಅತ್ತಾರ ಸಾಬರು. ನಮಗೆ ಚಾಚಾ.

ಅತ್ತಾರ ಅಂದರೆ ಬೇರು, ತೊಗಟೆ, ಬೀಜ, ಭಸ್ಮ ಇಟ್ಟುಕೊಂಡು, ಹಕೀಮರು ಬರೆದ ಚೀಟಿ ನೋಡಿ ಔಷಧ ಕುಟ್ಟಿ ಕಟ್ಟಿಕೊಡುವವರು. ಚಾಚಾನ ಅಂಗಡಿಯ ಮೂರು ಗೋಡೆಗೂ ಸಣ್ಣ ಸಣ್ಣ ಮರದ ಖಾನೆಗಳಿದ್ದವು. ಯಾವುದರ ಮೇಲೂ ಹೆಸರಿರಲಿಲ್ಲ, ಅವರ ಕೈಗೆ ಮಾತ್ರ ಗೊತ್ತಿತ್ತು. ತೆಳ್ಳಗಿನ ಮೈ, ಗಂಟಲಲ್ಲಿ ಸದಾ ಒಂದು ಕೆಮ್ಮು. ಊರಿನ ಕೆಮ್ಮಿಗೆಲ್ಲ ಔಷಧ ಕೊಡುವವರಿಗೆ ತಮ್ಮ ಕೆಮ್ಮಿನ ಖಾನೆ ಇನ್ನೂ ಸಿಕ್ಕಿಲ್ಲವೆಂದು ನಮ್ಮ ಮಾವನವರು ಚೇಷ್ಟೆ ಮಾಡುತ್ತಿದ್ದರು. ಮಾವನವರದು ಎಣ್ಣೆಯ ಗಾಣ. ನಿಮ್ಮ ಎತ್ತು ಬೆಳಗಿನಿಂದ ನಡೆಯುತ್ತಲೇ ಇದೆ, ಎಷ್ಟು ಊರು ದಾಟಿತು ಕೇಳಿ ನೋಡಿ ಎಂದು ಚಾಚಾ ತಿರುಗಿಸಿ ಕೊಡುತ್ತಿದ್ದರು. ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು.

ನಾನು ಜೇವರ್ಗಿಯ ಹುಡುಗಿ. ಅಪ್ಪ ಮನೆಯ ಪಡಸಾಲೆಯಲ್ಲೇ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಕಲಿಸುತ್ತಿದ್ದರು, ಅವರಲ್ಲಿ ನಾನೊಬ್ಬಳು. ನಿಜಾಮರ ರಾಜ್ಯ ಗಟ್ಟಿಯಾಗಿ ಕುಳಿತಿದ್ದ ಕಾಲ ಅದು. ಸರಕಾರದ ಕಾಗದ, ಅದಾಲತ್ತಿನ ಕಾಗದ, ಹಕೀಮರ ಚೀಟಿ ಎಲ್ಲವೂ ಉರ್ದುವಿನಲ್ಲಿ. ನನ್ನ ಓದು ಅಲ್ಲಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಮದುವೆಯಾಗಿ ಆಳಂದಕ್ಕೆ ಬಂದಾಗ ನನಗೆ ಹದಿನೇಳು. ಯಜಮಾನರು ಕುಸುಬೆ ಎಣ್ಣೆಯ ಡಬ್ಬಿಗಳನ್ನು ಗಾಡಿಗೆ ಹೇರಿಕೊಂಡು ಅಫಜಲಪುರ, ಜೇವರ್ಗಿ ಕಡೆಯ ಸಂತೆಗಳಿಗೆ ಹೊರಟರೆ ಬರುವುದು ಹತ್ತು ದಿನಕ್ಕೊಮ್ಮೆ. ಮನೆಯಲ್ಲಿ ಮಾವ, ಅತ್ತೆ, ನಾನು.

ಅತ್ತೆಯ ಎದೆಯಲ್ಲಿ ಗಡ್ಡೆ ಎದ್ದಿತ್ತು. ನಾಚಿಕೆಯಿಂದ ಯಾರಿಗೂ ಹೇಳದೆ ಒಂದು ವರ್ಷ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು. ಅದು ಒಡೆದು ವಾಸನೆ ಬರತೊಡಗಿದ ಮೇಲೆ ನಮಗೆ ತಿಳಿಯಿತು. ಊರಿನ ಹಕೀಮರು ಪರದೆಯ ಆಚೆ ಕುಳಿತು ನಾಡಿ ನೋಡಿದರು. ಇದನ್ನು ಗುಣ ಮಾಡುವುದು ತಮ್ಮ ಕೈಯಲ್ಲಿಲ್ಲ, ನೋವನ್ನಷ್ಟೇ ತಗ್ಗಿಸಬಲ್ಲೆ ಎಂದು ಮಾವನವರಿಗೆ ಮೆಲ್ಲಗೆ ಹೇಳಿ ಚೀಟಿ ಬರೆದರು. ಅಫೀಮು ಸೇರಿಸಿದ ಗುಳಿಗೆ, ದಿನಕ್ಕೆ ಎರಡು. ಕೆಳಗೆ ಅವರ ಮುದ್ರೆ.

ಅಫೀಮಿನ ವಿಷಯ ಬಂದರೆ ಚಾಚಾ ಬೇರೆಯೇ ಮನುಷ್ಯರಾಗುತ್ತಿದ್ದರು. ಅದನ್ನು ಇಟ್ಟುಕೊಳ್ಳಲು ಸರಕಾರದ ಪರವಾನಗಿ ಬೇಕಿತ್ತು. ಹಕೀಮರ ಚೀಟಿ ಇದ್ದರೆ ಅದು ಔಷಧ, ಇಲ್ಲದಿದ್ದರೆ ಗುನ್ಹೆ. ನಶೆ ಮಾಡುವವರಿಗೆ ಬೇರೆ ಸರಕಾರಿ ದುಕಾನಿತ್ತು, ಮರ್ಯಾದಸ್ಥರು ಅತ್ತ ಮುಖ ಹಾಕುತ್ತಿರಲಿಲ್ಲ. ಚಾಚಾ ಕಬ್ಬಿಣದ ಡಬ್ಬಿಯ ಬೀಗ ತೆಗೆದು, ಸಣ್ಣ ತಕ್ಕಡಿಯಲ್ಲಿ ಗುಲಗಂಜಿ ಹಾಕಿ ತೂಗಿ, ಗುಳಿಗೆ ಮಾಡಿ, ಯಾರ ಮನೆಗೆ ಹೋಯಿತೆಂದು ವಹಿಯಲ್ಲಿ ಬರೆಯುತ್ತಿದ್ದರು. ಆಮೇಲೆ ಚೀಟಿಯ ಬೆನ್ನಿಗೆ ತೋರುಬೆರಳಿನಿಂದ ಒಂದು ಕಾವಿಯ ಬೊಟ್ಟು. ಒಂದು ವಾರದ ಗುಳಿಗೆಗೆ ಒಂದು ಬೊಟ್ಟು. ಚೀಟಿ ರೋಗಿಯ ಮನೆಯಲ್ಲಿಯೇ ಇರಬೇಕು, ಸರಕಾರದವರು ಕೇಳಿದರೆ ತೋರಿಸಬೇಕು.

ನಮ್ಮ ಹಿತ್ತಲಿಗೂ ಅವರ ಅಂಗಡಿಯ ಹಿಂಬದಿಗೂ ನಡುವೆ ಗೋಡೆಯಲ್ಲೊಂದು ಕಿಂಡಿ ಇತ್ತು. ಸೊಸೆ ಬೀದಿಗಿಳಿದು ಅಂಗಡಿಗೆ ಹೋಗುವಂತಿರಲಿಲ್ಲ, ಹಾಗಾಗಿ ನಾನು ಕಿಂಡಿಯಿಂದ ಚೀಟಿ ಕೊಟ್ಟು ಗುಳಿಗೆ ಇಸಿದುಕೊಳ್ಳುತ್ತಿದ್ದೆ. ಅತ್ತೆಯನ್ನು ಭಾಬಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಚಾಚಾ ಮೊದಲ ದಿನವೇ ಹೇಳಿದ್ದರು.

"ಚೀಟಿ ಜ್ವಾಪಾನ, ಮಗಳ. ಗುಳಿಗಿ ಭಾಬಿನ ಕಾಯ್ತದ, ಚೀಟಿ ನನ್ನ ಕಾಯ್ತದ."

ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೇನು...

ಮೂರು ವಾರ ಚೆನ್ನಾಗಿ ನಡೆಯಿತು. ಚೀಟಿಯ ಬೆನ್ನಿಗೆ ಮೂರು ಬೊಟ್ಟು ಬಿದ್ದವು. ಅತ್ತೆ ಎದ್ದು ಕುಳಿತು ರೊಟ್ಟಿ ಮುರಿದುಕೊಂಡು ತಿನ್ನುವಷ್ಟಾದರು. ಅಷ್ಟರಲ್ಲಿ ಹಕೀಮರು ಹಜ್ ಯಾತ್ರೆಗೆ ಹೊರಟರು. ಆಗಿನ ಕಾಲಕ್ಕೆ ಅದು ಹಡಗಿನ ಪ್ರಯಾಣ, ತಿಂಗಳುಗಟ್ಟಲೆ ಸುದ್ದಿ ಇಲ್ಲ. ಊರಿಗೆ ಊರೇ ಅವರನ್ನು ಬೀಳ್ಕೊಟ್ಟಿತು. ಮಾವನವರೂ ಹಾರ ತೆಗೆದುಕೊಂಡು ಹೋಗಿ ಬಂದರು.

ಅದಾದ ನಾಲ್ಕೈದು ದಿನಕ್ಕೆ ಮಾವನವರ ಅಕ್ಕ, ನಾವು ದೊಡ್ಡಮ್ಮ ಎಂದು ಕರೆಯುವವರು, ಅಫಜಲಪುರದಿಂದ ನೋಡಲು ಬಂದರು. ನಮ್ಮ ಕಡೆ ಒಂದು ಪದ್ಧತಿ ಇತ್ತು. ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಗುರುವಾರ ದರ್ಗಾಕ್ಕೆ ಹೋಗಿ, ಅಲ್ಲಿನ ಹಿರಿಯರಿಂದ ಕೇಸರಿಯಲ್ಲಿ ಕಾಗದದ ಮೇಲೆ ಬರೆಸಿಕೊಂಡು ಬರುವುದು. ಆ ಬರಹವನ್ನು ಬಟ್ಟಲು ನೀರಿನಲ್ಲಿ ತೊಳೆದು ರೋಗಿಗೆ ಕುಡಿಸುವುದು. ಉಳಿದ ಕಾಗದವನ್ನು ಯಾರೂ ತುಳಿಯದಂತೆ ಬಾವಿಗೆ ಬಿಡುವುದು. ಲಿಂಗ ಕಟ್ಟಿದವರು, ನಮಾಜು ಮಾಡುವವರು ಎನ್ನುವ ಭೇದ ಅದಕ್ಕಿರಲಿಲ್ಲ. ನಾನೂ ಚಿಕ್ಕವಳಿದ್ದಾಗ ಚಳಿಜ್ವರಕ್ಕೆ ಹಾಗೆ ಕುಡಿದವಳೇ.

ಅತ್ತೆಯ ದಿಂಬಿನ ಕೆಳಗಿನ ಚೀಟಿಯನ್ನು ಆ ದೊಡ್ಡಮ್ಮ ನೋಡಿದರು. ನಮ್ಮ ಕಣ್ಣಿಗೆ ಎಲ್ಲ ಉರ್ದು ಬರಹವೂ ಒಂದೇ. ಹಕೀಮರ ಮನೆತನ ದರ್ಗಾದ ಹಿರಿಯರ ಕಡೆಯದೆಂದು ಊರಿಗೆಲ್ಲ ಗೊತ್ತಿತ್ತು. ಅಂಥವರು, ಅದರಲ್ಲೂ ಹಜ್ಜಿಗೆ ಹೋದವರು, ಬರೆದ ಅಕ್ಷರವನ್ನು ದಿಂಬಿನ ಕೆಳಗೆ ಸುಮ್ಮನೆ ಕೊಳೆಹಾಕಿದ್ದೀರಲ್ಲ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಗುಳಿಗಿ ಹೊಟ್ಟಿಗಿ ಹೋಗ್ತದ, ಅಕ್ಷರ ಜೀವಕ್ಕ ಹೋಗ್ತದ. ಬಟ್ಟಲ ತಗೊಂಡ ಬಾ ಬೇ."

ನನಗೆ ಚಾಚಾನ ಮಾತು ನೆನಪಾಗದೆ ಇರಲಿಲ್ಲ. ಆದರೆ ಹಿರಿಯರಿಗೆ ಎದುರಾಡುವುದು ಹೇಗೆ? ಅತ್ತೆಯೂ ಆಸೆಯ ಕಣ್ಣಿಂದ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಆಸೆಯಿತ್ತು. ಬಿಳಿ ಪಿಂಗಾಣಿ ಬಟ್ಟಲಲ್ಲಿ ನೀರು ಹಾಕಿ, ನನ್ನ ಕೈಯಾರೆ ಚೀಟಿಯನ್ನು ತೊಳೆದೆ. ಹಕೀಮರದು ಕಾಡಿಗೆಯ ಮಸಿ, ಬೇಗ ಬಿಟ್ಟಿತು. ನೀರು ಮೊದಲು ಬೂದಿ ಬಣ್ಣವಾಗಿ ಆಮೇಲೆ ಕೆಂಪಗೆ ಕದಡಿತು. ಆ ಕೆಂಪು ಚಾಚಾನ ಬೊಟ್ಟಿನದು. ಒದ್ದೆ ಕಾಗದದ ವಾಸನೆ ಕೋಣೆ ತುಂಬಿತು. ಉಳಿದಿದ್ದ ಎರಡು ಗುಳಿಗೆಯನ್ನು ಅದೇ ನೀರಿನ ಜೊತೆ ಅತ್ತೆ ನುಂಗಿದರು. ಆ ಮಧ್ಯಾಹ್ನ ಹೊತ್ತು ಮುಳುಗುವ ತನಕ ನರಳದೆ ಮಲಗಿದರು. ದೊಡ್ಡಮ್ಮ ನನ್ನ ಬೆನ್ನು ತಟ್ಟಿದರು. ನಾನು ಮೆತ್ತಗಾದ ಕಾಗದವನ್ನು ಹಿತ್ತಲ ಬಾವಿಗೆ ಬಿಟ್ಟು ಕೈಮುಗಿದೆ.

ಮರುದಿನ ನೋವು ಬಂತು, ಗುಳಿಗೆ ಇರಲಿಲ್ಲ. ಕಿಂಡಿಯ ಹತ್ತಿರ ಹೋಗಿ ನಿಂತೆ. ಚಾಚಾ ಚೀಟಿ ಕೇಳಿದರು. ಅತ್ತೆಗೆ ಈಗಷ್ಟೇ ನಿದ್ದೆ ಹತ್ತಿದೆ, ದಿಂಬಿನ ಕೆಳಗಿದೆ, ಎಬ್ಬಿಸಲು ಮನಸ್ಸಾಗಲಿಲ್ಲ ಎಂದೆ. ಅಂಥ ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಹೆದರಿದವರ ಬಾಯಿ ಎಲ್ಲರಿಗಿಂತ ಚುರುಕು. ಅವರು ಕಿಂಡಿಯಲ್ಲಿ ಚಾಚಿದ ನನ್ನ ಕೈಯನ್ನು ಒಂದು ಗಳಿಗೆ ನೋಡಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅವರು ಕೆಮ್ಮಿದರು, ಒಳಗೆ ಹೋದರು, ಡಬ್ಬಿಯ ಬೀಗ ತೆಗೆಯುವ ಸದ್ದಾಯಿತು. ಒಂದು ವಾರದ ಗುಳಿಗೆ ತಂದುಕೊಟ್ಟರು. ಮುಂದಿನ ಸಲ ತಂದರೆ ಆಯಿತು ಎಂದರು.

ಮುಂದಿನ ಸಲ ಅನ್ನುವುದು ಬರಲಿಲ್ಲ.

ಊರಿಗೆ ಹೊಸ ಅಮೀನ ಬಂದಿದ್ದ. ಪೊಲೀಸರ ಮೇಲಿನ ಅಧಿಕಾರಿಯನ್ನು ಆಗ ಹಾಗೆ ಕರೆಯುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಅವನು ಚಾಚಾನ ಅಂಗಡಿಗೆ ಬಂದು ಡಬ್ಬಿ ತೂಗಿಸಿ, ವಹಿ ತೆಗೆಸಿ, ಅದರಲ್ಲಿ ಹೆಸರಿದ್ದ ಮನೆಗೆಲ್ಲ ಪೊಲೀಸ್ ಜವಾನರನ್ನು ಕಳಿಸಿದ. ಗುಳಿಗೆ ತೆಗೆದುಕೊಂಡವರು ತಮ್ಮ ಚೀಟಿ ತೋರಿಸಬೇಕು. ಓಣಿಯ ಕೊನೆಯ ಮನೆಯವರು ತೋರಿಸಿದರು, ಬಡಿಗೇರ ಮುದುಕ ತೋರಿಸಿದ. ಆಮೇಲೆ ಬೂಟಿನ ಸಪ್ಪಳ ನಮ್ಮ ಅಂಗಳಕ್ಕೆ ಬಂತು.

ನಾನಾಗ ಆರು ತಿಂಗಳ ಬಸುರಿ, ಯಜಮಾನರು ಸಂತೆಗೆ ಹೋಗಿದ್ದರು. ಮಾವನವರು ಗಾಣ ನಿಲ್ಲಿಸಿ ಬಂದರು, ಏನೂ ತಿಳಿಯದೆ ಒಳಗೆ ಮುಖಮಾಡಿ, ಅತ್ತೆಯ ಚೀಟಿ ತಂದುಕೊಡವ್ವ ಎಂದರು. ನಾನು ಅತ್ತೆಯ ದಿಂಬು ಎತ್ತಿದೆ, ಹಾಸಿಗೆ ಎತ್ತಿದೆ, ಏನೂ ಇಲ್ಲವೆಂದು ಗೊತ್ತಿದ್ದೂ ಹುಡುಕಿದೆ. ಹುಡುಕುತ್ತಾ ಇದ್ದರೆ ಅವರು ಬೇಸತ್ತು ಹೋಗಬಹುದು ಅನ್ನಿಸಿತು. ಹೋಗಲಿಲ್ಲ. ಬಾಗಿಲ ಮರೆಗೆ ಬಂದು ನಿಂತೆ.

"ಚೀಟಿ ಎಲ್ಲಿ ಅದನೋ ನನಗ ಗೊತ್ತಿಲ್ರಿ" ಎಂದೆ.

ಮಾವನವರ ಮುಖ ಬಿಳಿಚಿತು. ಚೀಟಿ ಇಲ್ಲದೆ ಮನೆಯಲ್ಲಿ ಅಫೀಮು ಇದ್ದರೆ ಕೊಟ್ಟವರಂತೆ ಇಟ್ಟುಕೊಂಡವರೂ ಗುನ್ಹೆಗಾರರು ಎಂದು ಜವಾನ ಆಗಲೇ ಗದರಿಸಿದ್ದ. ಒಳ್ಳೆಯ ಮನುಷ್ಯ ನಮ್ಮ ಮಾವ, ಆದರೆ ಹೆದರಿಕೆ ನನ್ನೊಬ್ಬಳ ಆಸ್ತಿಯಾಗಿರಲಿಲ್ಲ. ನಾವು ಆ ಅಂಗಡಿಯಿಂದ ಅಫೀಮಿನ ಗುಳಿಗೆಯನ್ನೇ ತೆಗೆದುಕೊಂಡಿಲ್ಲ, ವಹಿಯಲ್ಲಿ ನಮ್ಮ ಹೆಸರು ಹೇಗೆ ಬಂತೋ ಗೊತ್ತಿಲ್ಲ ಎಂದುಬಿಟ್ಟರು. ನನ್ನ ಸುಳ್ಳಿನ ಮೇಲೆ ಅವರು ತಮ್ಮ ಸುಳ್ಳನ್ನು ಪೇರಿಸಿದರು. ಜವಾನರು ಮನೆ ಶೋಧಿಸಲಿಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು. ವಹಿ ಸುಳ್ಳು, ರೋಗಿಯ ಹೆಸರು ಬರೆದು ನಶೆಯವರಿಗೆ ಕದ್ದು ಮಾರಿದ್ದಾರೆ ಎಂದು ಚಾಚಾನ ಮೇಲೆ ಗುನ್ಹೆ ಹಾಕಿದರು.

ಕಿಟಕಿಯ ಸಂದಿಯಿಂದ ನೋಡಿದೆ. ಚಾಚಾ ಜವಾನರ ನಡುವೆ ನಡೆದು ಹೋಗುತ್ತಿದ್ದರು. ನಮ್ಮ ಬಾಗಿಲ ಮುಂದೆ ಬಂದಾಗ ಒಮ್ಮೆ ತಲೆ ಎತ್ತಿದರು. ಮಾವನವರು ಕಟ್ಟೆಯ ಮೇಲೆ ಕುಳಿತು ನೆಲ ನೋಡುತ್ತಿದ್ದರು.

ಜವಾನರು ಅತ್ತ ಹೋದದ್ದೇ ಮಾವನವರು ಅತ್ತೆಯ ತಲೆದೆಸೆಯಲ್ಲಿದ್ದ ಗುಳಿಗೆಯ ಪೊಟ್ಟಣ ತೆಗೆದುಕೊಂಡು ಹೋಗಿ ಬಾವಿಗೆ ಸುರಿದರು. ಚೀಟಿ ಹೋದ ಬಾವಿಗೇ ಗುಳಿಗೆಗಳೂ ಹೋದವು. ಸಂಜೆಯೊಳಗೆ ಕಿಂಡಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿಸಿದರು. ಆಗ ನಾನು ಅವರ ಕಾಲು ಹಿಡಿದು, ಚೀಟಿ ತೊಳೆದ ಕತೆಯನ್ನೆಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ. ಈ ಮಾತು ಈ ಮನೆಯ ಹೊಸ್ತಿಲು ದಾಟಬಾರದು ಎಂದರು, ಅಷ್ಟೇ.

ಚಾಚಾ ಜಾಮೀನಿನ ಮೇಲೆ ಮನೆಗೆ ಬಂದರು. ಅಂಗಡಿಗೆ ಸರಕಾರದ ಮೊಹರು ಬಿದ್ದಿತ್ತು, ಅದರ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಗಳು ಅಫಜಲಪುರದಲ್ಲಿ ಗಂಡನ ಮನೆಯಲ್ಲಿದ್ದಳು. ಗೋಡೆಯ ಈಚೆ ಅತ್ತೆ. ಆ ಎರಡು ತಿಂಗಳನ್ನು ಹೇಗೆ ಬರೆಯಲಿ... ಅಷ್ಟು ದಿನ ಗುಳಿಗೆಯ ಕೆಳಗೆ ಅಡಗಿದ್ದ ನೋವು ಒಮ್ಮೆಲೇ ಎದ್ದು ಬಂತು. ಸರಕಾರಿ ದುಕಾನಿಗೆ ಯಾರನ್ನಾದರೂ ಕಳಿಸೋಣವೆಂದರೆ, ನಮ್ಮ ಮನೆಯವರನ್ನು ಅಲ್ಲಿ ಕಂಡ ಕ್ಷಣವೇ ಮಾವನವರ ಸುಳ್ಳು ಬಯಲಾಗುತ್ತಿತ್ತು. ಅತ್ತೆ ಸೆರಗಿನ ತುದಿಯನ್ನು ಉಂಡೆ ಮಾಡಿ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಪೊಲೀಸರಿಗೆ ಕೇಳಿಸಬಾರದೆಂದು ಹಾಗೆ ಮಾಡುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಆಮೇಲೆ ಅತ್ತೆಯೇ ಹೇಳಿದರು, ಗೋಡೆಯಾಚೆಯ ಆ ಮನುಷ್ಯ ಕೇಳಿಸಿಕೊಳ್ಳಬಾರದು ಎಂದು ಹಾಗೆ ಮಾಡುತ್ತಿದ್ದೇನೆ ಅಂತ.

ಒಂದು ದಿನ ಚಾಚಾನ ವಕೀಲರು ಮನೆಗೆ ಬಂದರು. ಮಾವನವರು ಗಾಣದ ಕೆಲಸದ ನೆವ ಮಾಡಿ ಹೊರಗೆ ಹೋದರು. ವಕೀಲರು ಪಡಸಾಲೆಯಲ್ಲಿ ಕುಳಿತು, ಒಳಗಿದ್ದ ನಮಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು. ಹಕೀಮರು ಊರಲ್ಲಿಲ್ಲ. ಚೀಟಿ ಇತ್ತು ಎಂದು ಈ ಮನೆಯ ಒಬ್ಬರು ಹೇಳಿದರೆ ಸಾಕು, ಕದ್ದು ಮಾರಿದ ಆರೋಪ ನಿಲ್ಲುವುದಿಲ್ಲ. ಇಲ್ಲವಾದರೆ ಜೇಲು ತಪ್ಪದು. ಆದರೆ ಸಾಕ್ಷಿ ಹೇಳಿದವರನ್ನು ಆ ಚೀಟಿ ಏನಾಯಿತು, ಕೊನೆಯ ವಾರ ಚೀಟಿ ಇಲ್ಲದೆ ಗುಳಿಗೆ ಹೇಗೆ ತೆಗೆದುಕೊಂಡಿರಿ, ಮೊದಲು ಯಾಕೆ ಇಲ್ಲವೆಂದಿರಿ ಎಂದು ಅಮೀನ ಕೇಳಿಯೇ ಕೇಳುತ್ತಾನೆ, ಅದನ್ನೂ ಬಚ್ಚಿಡುವುದಿಲ್ಲ ಎಂದರು. ಸುಳ್ಳು ಆಸೆ ತೋರಿಸದ ವಕೀಲರು. ಅದೇ ನನಗೆ ಕಷ್ಟವಾಯಿತು.

ಅವರು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು. ಮಾತಾಡಲು ಬಾಯಿಂದ ಸೆರಗು ತೆಗೆಯಬೇಕಾಯಿತು.

"ಎಲ್ಲಾ ನನ್ನ ಮ್ಯಾಲ ಹಾಕು. ಚೀಟಿ ಇಸಗೊಂಡಾಕಿ ನಾನಾ, ತೊಳದಾಕಿ ನಾನಾ, ಕುಡದಾಕಿ ನಾನಾ ಅಂತ ಹೇಳು. ಸತ್ತಾಕಿನ ಹಿಂದ ಯಾವ ಪೊಲೀಸ ಬರ್ತಾನ?"

ನಾನು ಹೂಂ ಎಂದೆ. ಹನ್ನೊಂದನೆಯ ದಿನಕ್ಕೆ ಅತ್ತೆ ಹೋದರು. ಬೆಳಗಿನ ಹೊತ್ತು, ಗಾಣ ತಿರುಗುತ್ತಿತ್ತು. ಮಣ್ಣಿಗೆ ಓಣಿಯವರೆಲ್ಲ ಬಂದರು. ಚಾಚಾ ದೂರದಲ್ಲಿ, ಬೇವಿನ ಮರದ ಕೆಳಗೆ, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರಂತೆ. ಹತ್ತಿರ ಬಂದರೆ ನಮಗೆ ತೊಂದರೆಯಾದೀತೆಂದು ಬರಲಿಲ್ಲವಂತೆ.

ವಿಚಾರಣೆಯ ದಿನ ನನಗೆ ಕರೆ ಬಂತು. ಮಾವನವರು ಅತ್ತೆ ಹೋದಾಗಿನಿಂದ ಇಷ್ಟೇ ಇಷ್ಟು ಆಗಿದ್ದರು. ಹೋಗಬೇಡ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಿನಗ ತಿಳದಂಗ ಮಾಡವ್ವ ಎಂದು ಗಾಡಿ ಹೂಡಿಸಿದರು. ದಾರಿಯುದ್ದಕ್ಕೂ ಅತ್ತೆ ಕಲಿಸಿದ ಮಾತನ್ನೇ ಬಾಯಿಪಾಠ ಮಾಡಿದೆ. ಇಸಗೊಂಡಾಕಿ ಅತ್ತಿ, ತೊಳದಾಕಿ ಅತ್ತಿ, ಕುಡದಾಕಿ ಅತ್ತಿ. ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ಜೇಲಿನಲ್ಲಿ ಹೆರಿಗೆಯಾದರೆ ಕೂಸನ್ನು ಏನು ಮಾಡುತ್ತಾರೆ ಎನ್ನುವುದೊಂದೇ ಯೋಚನೆ ನನ್ನ ತಲೆಯಲ್ಲಿ ಗಾಣದಂತೆ ತಿರುಗುತ್ತಿತ್ತು.

ಅದಾಲತ್ತಿನಲ್ಲಿ ಎಲ್ಲ ಮಾತೂ ಉರ್ದುವಿನಲ್ಲಿ ನಡೆಯಿತು. ನಡುನಡುವೆ ನನ್ನ ಹೆಸರು ಕೇಳಿಸಿದಾಗೆಲ್ಲ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಳ್ಳುತ್ತಿದ್ದೆ. ಗುಮಾಸ್ತರೊಬ್ಬರು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದರು. ನಿಮ್ಮ ಅತ್ತೆಗೆ ಹಕೀಮರು ಬರೆದುಕೊಟ್ಟ ಚೀಟಿ ಇತ್ತೋ ಇಲ್ಲವೋ? ಅಷ್ಟೇ ಪ್ರಶ್ನೆ. ಇತ್ತು ಎಂದರೆ ಮುಗಿಯಿತು. ನಾನು ತಲೆಯ ಸೆರಗನ್ನು ಚೂರು ಸರಿಸಿ ಕಟಕಟೆಯತ್ತ ನೋಡಿದೆ. ಚಾಚಾ ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಹೊಟ್ಟೆ ನೋಡುತ್ತಿದ್ದರು. ಆಮೇಲೆ ಕಣ್ಣೆತ್ತಿದರು. ಹೆಬ್ಬೆರಳಿನಿಂದ ತೋರುಬೆರಳಿನ ತುದಿಯನ್ನು ಮೆಲ್ಲಗೆ ಒರೆಸಿಕೊಂಡರು. ಬೊಟ್ಟಿಟ್ಟ ಮೇಲೆ ಕಾವಿ ಒರೆಸಿಕೊಳ್ಳುತ್ತಿದ್ದದ್ದು ಹಾಗೆಯೇ. ಮತ್ತೆ ತಲೆಯನ್ನು ಅಡ್ಡಕ್ಕೆ ಆಡಿಸಿದರು, ಬೇರೆ ಯಾರಿಗೂ ಕಾಣದಷ್ಟು.

"ನನಗ ಗೊತ್ತಿಲ್ರಿ" ಎಂದೆ.

ಗುಮಾಸ್ತರು ಅದನ್ನು ಉರ್ದುವಿನಲ್ಲಿ ಹೇಳಿದರು. ಯಾರೋ ಬರೆದುಕೊಂಡರು. ನನ್ನನ್ನು ಹೋಗಲು ಹೇಳಿದರು. ಹೊರಗೆ ಬಂದು ಗಾಡಿಯ ಗಾಲಿ ಹಿಡಿದು ನಿಂತಾಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ನೆಮ್ಮದಿ. ಬದುಕಿದೆ ಎನ್ನಿಸಿತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಚಾಚಾಗೆ ಒಂದು ವರ್ಷ ಜೇಲಾಯಿತು. ಐದು ತಿಂಗಳು ಕಳೆದ ಮೇಲೆ ಹಕೀಮರು ಹಜ್ಜಿನಿಂದ ಬಂದರು. ಸುದ್ದಿ ಕೇಳಿದವರೇ ಮನೆಯ ಹೊಸ್ತಿಲೂ ತುಳಿಯದೆ ವಕೀಲರಲ್ಲಿಗೆ ಹೋದರಂತೆ. ಚೀಟಿ ತಾವೇ ಬರೆದದ್ದೆಂದು ದೊಡ್ಡ ಅದಾಲತ್ತಿನಲ್ಲಿ ಹೇಳಿಕೆ ಕೊಟ್ಟರು. ಉಳಿದ ಶಿಕ್ಷೆ ಮಾಫಿಯಾಯಿತು. ಪರವಾನಗಿ ಮಾತ್ರ ವಾಪಸು ಬರಲಿಲ್ಲ. ಆ ನೂರಾರು ಖಾನೆಗಳನ್ನು ಯಾರೋ ಕಿರಾಣಿಯವರು ಕೊಂಡುಕೊಂಡು ಸಾಸಿವೆ ಜೀರಿಗೆ ತುಂಬಿದರು.

ಊರು ಬಿಟ್ಟು ಮಗಳ ಮನೆಗೆ ಹೊರಡುವ ದಿನ ಚಾಚಾ ನಮ್ಮ ಬಾಗಿಲಿಗೆ ಬಂದರು. ಮಾವನವರು ಅವರನ್ನು ಕಂಡವರೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಚಾಚಾ ಅವರ ಭುಜ ಹಿಡಿದು, ಎತ್ತು ಇನ್ನೂ ಅದೇ ಊರಲ್ಲೇ ಇದೆಯೇ ಎಂದು ಕೇಳಿದರು. ಮಾವನವರು ಅಳುತ್ತಲೇ ನಕ್ಕು, ನೀರು ತರುತ್ತೇನೆಂದು ಒಳಗೆ ಹೋದರು. ನಾನು ತೊಟ್ಟಿಲ ಹತ್ತಿರ ನಿಂತಿದ್ದೆ. ಚಾಚಾ ಕೂಸನ್ನು ಬಗ್ಗಿ ನೋಡಿದರು. ಕೆಮ್ಮು ಹೆಚ್ಚಾಗಿತ್ತು, ಗಲ್ಲ ಒಳಗೆ ಹೋಗಿದ್ದವು.

"ಅವತ್ತ ನಿನ್ನ ಉಗುರಾಗ ನನ್ನ ಕಾವಿ ಇತ್ತು, ಮಗಳ" ಎಂದರು. "ಮಸಿ ಯಾರದರ ಇರಬಹುದು. ಕಾವಿ ನಂದು."

ಅವರಿಗೆ ಗೊತ್ತಿತ್ತು. ಕಿಂಡಿಯಲ್ಲಿ ಕೈ ಚಾಚಿದ ಆ ದಿನವೇ ಗೊತ್ತಿತ್ತು. ತಮ್ಮನ್ನು ಕಾಯುವ ಕಾಗದ ನೀರುಪಾಲಾಗಿದೆ ಎಂದು ತಿಳಿದೂ ಡಬ್ಬಿಯ ಬೀಗ ತೆಗೆದಿದ್ದರು. ನಾನು ಸೆರಗಿನಲ್ಲಿ ಕೈ ಮುಚ್ಚಿಕೊಂಡೆ, ಈಗಲೂ ಬಣ್ಣ ಉಳಿದಿದೆಯೇನೋ ಎನ್ನುವ ಹಾಗೆ.

"ಗೊತ್ತಿದ್ದೂ ಯಾಕ ಕೊಟ್ರಿ ಚಾಚಾ?"

"ಗ್ವಾಡಿ ಆಚೆ ಭಾಬಿ ನರಳೂದು ಕೇಳಸ್ತಿತ್ತು. ಕಾಗದಾ ಹುಡಕೂ ಹೊತ್ತೇನು ಅದು?" ಆಮೇಲೆ ಅವರೇ ಕೇಳಿದರು. "ಚೀಟಿ ಕುಡದ ದಿನ ಆಕಿಗಿ ನಿದ್ದಿ ಬಂದಿತ್ತೇನು?"

"ಬಂದಿತ್ರಿ. ಹೊತ್ತು ಮುಣಗೂತನಾ ಮಕ್ಕೊಂಡಿದ್ರು. ಅದರ ಜೋಡಿ ಎರಡು ಗುಳಿಗೀನೂ ಕೊಟ್ಟಿದ್ದೆ."

ಚಾಚಾ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ತೊಟ್ಟಿಲ ಹಗ್ಗ ಹಿಡಿದುಕೊಂಡರು.

"ಹಂಗಾರ ಆ ನಿದ್ದಿ ಯಾರು ತಂದ್ರು ಅಂತ ಯಾವ ಅದಾಲತ್ತಿ‌ಗೂ ಹೇಳಾಕ ಬರಂಗಿಲ್ಲ ಬಿಡು."

ತಪ್ಪಾಯಿತು ಎನ್ನಬೇಕಿತ್ತು. ಆ ಒಂದು ಪದ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಮಾವನವರು ನೀರಿನ ತಂಬಿಗೆ, ಬೆಲ್ಲ ಹಿಡಿದು ಬಂದರು. ಮಾವನವರ ಎದುರು ಬಾಯಿ ಬಿಚ್ಚುವ ಅಭ್ಯಾಸ ನನಗಿರಲಿಲ್ಲ, ಅಥವಾ ಅದೂ ಒಂದು ನೆವವಿರಬೇಕು. ಚಾಚಾ ಬೆಲ್ಲ ತಿಂದು ನೀರು ಕುಡಿದು, ಅಫಜಲಪುರದ ಗಾಡಿ ಹತ್ತಿದರು. ನಾನು ಕಿಟಕಿಯ ಸಂದಿಯಿಂದಲೇ ನೋಡಿದೆ.

ಎರಡು ವರ್ಷದ ಮೇಲೆ ಸಂತೆಯಿಂದ ಬಂದ ಯಜಮಾನರು ಸುದ್ದಿ ಹೇಳಿದರು. ಕೆಮ್ಮು ಎದೆಗೆ ಇಳಿದಿತ್ತಂತೆ. ಭೀಮಾ ನದಿಯ ಕಡೆಯ ಖಬರಸ್ಥಾನದಲ್ಲಿ ಮಣ್ಣು ಮಾಡಿದ್ದಾರಂತೆ. ಆ ಕಡೆ ನಾನು ಎಷ್ಟೋ ಸಲ ಹೋಗಿದ್ದೇನೆ, ಮದುವೆಗೆ, ತೊಟ್ಟಿಲಿಗೆ. ಆ ಮಣ್ಣಿನ ಹತ್ತಿರ ಒಮ್ಮೆಯೂ ಹೋಗಲಿಲ್ಲ. ಯಾಕೆ ಎಂದು ಕೇಳಿದರೆ ನನ್ನ ಹತ್ತಿರ ಇರುವುದು ಅದೇ ಹಳೆಯ ಉತ್ತರ...

ತೊಟ್ಟಿಲಲ್ಲಿದ್ದ ಆ ಕೂಸೇ ಈಗ ಈ ಹುಡುಗಿಯ ತಂದೆ. ಬಕೆಟ್ಟಿನ ಪಕ್ಕದಲ್ಲಿ ಕುಳಿತು ಕಾಗದವನ್ನು ಹರಿಯದಂತೆ ಬಿಡಿಸಲು ನೋಡಿದೆ. ಅಕ್ಷರ ಒಂದೂ ಉಳಿದಿರಲಿಲ್ಲ. ನನ್ನ ಉಗುರಿನ ಸುತ್ತ ನೀಲಿ ಹತ್ತಿಕೊಂಡಿತ್ತು. ಅದನ್ನು ನೋಡಿ ಗುರುತು ಹಿಡಿಯುವವರು ಈಗ ಯಾರೂ ಇಲ್ಲ. ಯಾವ ಹೊತ್ತಿಗೆ ಬಾಯಿ ತೆರೆದೆನೋ ನನಗೇ ತಿಳಿಯಲಿಲ್ಲ.

"ಚೀಟಿ ಇತ್ರಿ" ಎಂದೆ. "ನಾನಾ ತೊಳದೇನಿ."

ಮೊಮ್ಮಗಳು ಅಡಿಗೆಮನೆಯಿಂದ ಬಂದು ನನ್ನ ಕೈಯಲ್ಲಿದ್ದ ಮುದ್ದೆಯನ್ನು ನೋಡಿದಳು. ಅಷ್ಟಕ್ಕೆ ಯಾಕೆ ಅಳುತ್ತೀರಿ ಎಂದು ನನ್ನನ್ನು ಹಿಡಿದೆಬ್ಬಿಸಿದಳು.

"ಇರ್ಲಿ ಬಿಡ್ರಿ ಅಜ್ಜಿ. ಕೇಳಿದ್ರ ಡಾಕ್ಟರ್ ಇನ್ನೊಂದು ಬರದು ಕೊಡ್ತಾರ."